ಐದು ಪಾಯಿಂಟ್ ಗಾಳಿ

ಈ ಕಥೆಯನ್ನು ನಮಗೆ ಮೊದಲು ಹೇಳಿದವರು ನಮ್ಮ ಕುರಿ ಡಾಕ್ಟರಮ್ಮ. ಹೇಳಿದ್ದು ಕಳೆದ ವರ್ಷ, ಉಣ್ಣೆ ಕತ್ತರಿಸುವ ಕೆಲಸ ಮುಗಿದ ದಿನ, ಮಧ್ಯಾಹ್ನದ ಊಟವಾದ ಮೇಲೆ. ನಾವು ಏಳು ಜನ ಕುರಿಗಾರರು ಉಣ್ಣೆ ಮೂಟೆಗಳ ಮೇಲೆ ಕಾಲು ಚಾಚಿ ಕೂತಿದ್ದೆವು. ಆ ವಾರವಷ್ಟೇ ಏಳೂ ಜನ ಎಟಿವಿ ಕೊಂಡಿದ್ದೆವು. ಎಟಿವಿ ಅಂದರೆ ಗೊತ್ತಲ್ಲ, ಬೈಕಿನ ಹಾಗೆ ಹ್ಯಾಂಡಲು, ಕಾರಿನ ಹಾಗೆ ನಾಲ್ಕು ಚಕ್ರ, ಉಬ್ಬಿದ ಕೆನ್ನೆಯಂಥ ಟೈರು, ರಸ್ತೆ ಇಲ್ಲದ ಕಡೆ ಹೋಗಲೆಂದೇ ಹುಟ್ಟಿದ ಗಾಡಿ. ಯಾರ ಟೈರು ದೊಡ್ಡದು, ಯಾರು ಎಂಥ ದೀಪ ಹಾಕಿಸುತ್ತಾರೆ ಎಂದು ನಮ್ಮಲ್ಲೇ ಜಗಳ ಹತ್ತಿತ್ತು. ಡಾಕ್ಟರಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಎದ್ದು ಹೋಗಿ ತಮ್ಮ ಗಾಡಿಯ ಸೀಟಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಕಾಗದಗಳ ಕಟ್ಟು, ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದದ್ದು.

"ಬಾಯಿ ಮುಚ್ಕೊಂಡು ಕೇಳಿ," ಅಂದರು. "ಇದನ್ನ ನಿಮಗೆ ಓದಿ ಹೇಳ್ಬೇಕು ಅಂತ ನಮ್ಮ ಸೋದರಮಾವನ ಅಪ್ಪಣೆ ಆಗಿದೆ."

ಅವರು ಓದಿದ್ದನ್ನು ಓದಿದ ಹಾಗೇ ಇಲ್ಲಿ ಇಟ್ಟಿದ್ದೇನೆ.

*

ಫೆಬ್ರವರಿ ೪

ಪ್ರೀತಿಯ ಮಾವನಿಗೆ ಚೂಟಿಯ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಫೋನು ಮಾಡಿದರೆ ನೀವು "ಆಂ? ಆಂ?" ಅನ್ನುತ್ತೀರಿ, ನಾನು ಕೂಗಿ ಕೂಗಿ ಗಂಟಲು ಕಟ್ಟಿಕೊಳ್ಳುತ್ತೇನೆ. ಟೈರು ಅಂಗಡಿಯ ಕಂಪ್ರೆಸರ್ ಪಕ್ಕ ನಲವತ್ತು ವರ್ಷ ನಿಂತ ಕಿವಿಯ ಜೊತೆ ಜಗಳ ಆಡುವುದಕ್ಕಿಂತ ಕಾಗದವೇ ವಾಸಿ.

ಸಮಾಚಾರ ಏನೆಂದರೆ, ನಾನು ಒಂದು ಎಟಿವಿ ಕೊಂಡೆ. ಹಳೆಯದೇ. ಇಲ್ಲಿಯ ಸರ್ವೆಯರ್ ಕೆಲಸದಿಂದ ನಿವೃತ್ತರಾದರು, ಅವರದು. ಕುರಿ ಹಟ್ಟಿಗಳೆಲ್ಲ ಗುಡ್ಡದ ನೆತ್ತಿಯಲ್ಲಿವೆ. ಔಷಧದ ಪೆಟ್ಟಿಗೆ ಹೊತ್ತು ನಡೆದು ಹೋಗುವಷ್ಟರಲ್ಲಿ ರೋಗಿ ಒಂದೋ ವಾಸಿಯಾಗಿರುತ್ತದೆ, ಇಲ್ಲ ಸತ್ತಿರುತ್ತದೆ. ಗಾಡಿಯ ಬಣ್ಣ ಕಡುಗೆಂಪು ಮಾವ, ಮುಂದುಗಡೆ ಮಾತ್ರ ಸ್ವಲ್ಪ ಮಾಸಿದೆ. ಅದಕ್ಕೆ ಸಾಲುದೀಪ ಹಾಕಿಸಬೇಕು ಅಂತಿದ್ದೇನೆ, ಎಂಟು ದೀಪದ್ದು. ಹಾರನ್ನು ಕುರಿಮರಿ ಕೆಮ್ಮಿದ ಹಾಗೆ ಕೇಳುತ್ತದೆ, ಬದಲಾಯಿಸಬೇಕು. ಕೆಸರಿನಲ್ಲಿ ಸಿಕ್ಕಿದರೆ ಎಳೆಯಲು ವಿಂಚು ಬೇಕೇ? ಟೈರು ದೊಡ್ಡದು ಹಾಕಿದರೆ ಹೇಗೆ?

ದಾರಿ ಹೀಗಿದೆ: ಮೊದಲು ಹಳ್ಳದ ಬದಿಯ ಕೆಸರು, ಆಮೇಲೆ ಸಡಿಲ ಕಲ್ಲಿನ ಏರು, ಆಮೇಲೆ ಹುಲ್ಲಿನ ಇಳಿಜಾರು. ಹುಲ್ಲು ಬೆಳಿಗ್ಗೆ ಯಾವಾಗಲೂ ಒದ್ದೆ.

ಅತ್ತೆಗೆ ನಮಸ್ಕಾರ. ಬೇಗ ಬರೆಯಿರಿ.

ಇಂತಿ ನಿಮ್ಮ,
ಚೂಟಿ

*

ಫೆಬ್ರವರಿ ೧೩

ಚಿ. ಚೂಟಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಬಣ್ಣ ಇದೆ, ದೀಪ ಇದೆ, ಹಾರನ್ನು ಇದೆ. ಟೈರಿನ ಅಳತೆ ಎಲ್ಲಿದೆ ತಾಯಿ? ನೆಲ ಕಚ್ಚುವ ಬಟನ್ನು ಎಷ್ಟು ಸವೆದಿದೆ ಅಂತ ಎಲ್ಲಿದೆ? ಟೈರಿನ ಮೇಲಿನ ಅಕ್ಷರ ಕೂಡಿಸಿಕೊಂಡು ಓದು ಕಲಿತ ಹುಡುಗಿ ನೀನು. ಕುರಿಯ ಬಣ್ಣ ಬರೆದು ಕಳಿಸಿ "ಇದಕ್ಕೆ ಏನು ರೋಗ?" ಅಂತ ಯಾರಾದರೂ ಕೇಳಿದರೆ ನೀನು ಏನು ಅನ್ನುತ್ತೀಯ? ಅದನ್ನೇ ನಾನು ನಿನಗೆ ಅಂದೆ ಅಂತ ತಿಳಿ.

ಈಗ ಕೇಳು. ದೊಡ್ಡ ಟೈರು ಬೇಡ. ಕಂಪನಿಯವನು ಕೊಟ್ಟ ಅಳತೆಯೇ ಇರಲಿ. ಟೈರು ದೊಡ್ಡದಾದರೆ ಗಾಡಿ ಎತ್ತರವಾಗುತ್ತದೆ, ಎತ್ತರವಾದದ್ದು ಬೇಗ ಮಗುಚುತ್ತದೆ, ಜೊತೆಗೆ ಒಳಗಿನ ಬೆಲ್ಟು ಸುಟ್ಟುಹೋಗುತ್ತದೆ. ದೀಪ ಆಮೇಲೆ. ಹಾರನ್ನು ಯಾಕೆ, ಕಲ್ಲು ಪಕ್ಕಕ್ಕೆ ಸರಿಯಲಿ ಅಂತಲೇ? ಮೊದಲು ತಲೆಗೆ ಹೆಲ್ಮೆಟ್ಟು. ಆಮೇಲೆ ಗಾಡಿಯ ಹೊಟ್ಟೆಗೆ ದಪ್ಪ ತಗಡು, ಕಲ್ಲು ಬಡಿಯದ ಹಾಗೆ. ಆಮೇಲೆ ಪಂಕ್ಚರ್ ಸಾಮಾನು, ಒಂದು ಕಾಲುಪಂಪು. ಇಷ್ಟಾದ ಮೇಲೂ ಹಂಬಲ ಉಳಿದಿದ್ದರೆ ವಿಂಚು.

ಎಲ್ಲಕ್ಕಿಂತ ಮುಖ್ಯ ಗಾಳಿ. ಈ ಗಾಡಿಗೆ ಕಾರಿನ ಹಾಗೆ ಮೂವತ್ತು ಪಾಯಿಂಟ್ ಹೊಡೆಯಬೇಡ. ಐದು, ಹೆಚ್ಚೆಂದರೆ ಆರು. ಟೈರು ಮೆತ್ತಗಿದ್ದರೆ ಕಲ್ಲನ್ನು ತಬ್ಬಿಕೊಳ್ಳುತ್ತದೆ, ಗಟ್ಟಿಯಾಗಿದ್ದರೆ ಕಲ್ಲಿನ ಮೇಲೆ ಕುಣಿಯುತ್ತದೆ. ಅಂಗಡಿಯ ಗೇಜು ಹತ್ತರಿಂದ ಶುರುವಾಗುತ್ತದೆ, ಅದು ಉಪಯೋಗಕ್ಕಿಲ್ಲ. ಕಡಿಮೆ ಗಾಳಿ ತೋರಿಸುವ ಪುಟ್ಟ ಗೇಜು ಈಗ ಸಿಗುತ್ತದಂತೆ, ಅದು ಮಕ್ಕಳ ಆಟಿಕೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ಹೆಬ್ಬೆರಳಿನಿಂದ ಒತ್ತು. ಉಗುರಿನ ಬುಡದವರೆಗೆ ಒಳಗೆ ಹೋದರೆ ಐದು. ನಲವತ್ತು ವರ್ಷ ನಾನು ಹೀಗೇ ನೋಡಿದ್ದೇನೆ. ಗೇಜು ಹಿಡಿದು ನನ್ನನ್ನು ಪರೀಕ್ಷೆ ಮಾಡಲು ಬಂದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಹೋಗಿದ್ದಾರೆ. ನೀನೇ ಕಣ್ಣಾರೆ ನೋಡಿದ್ದೀಯ.

ಈ ಕಾಗದ ಸೀಟಿನ ಕೆಳಗೆ ಇಟ್ಟುಕೋ.

ಇಂತಿ ನಿನ್ನ,
ಮಾವ

*

ಮಾರ್ಚ್ ೨

ಮಾವನಿಗೆ ನಮಸ್ಕಾರಗಳು.

ಬೈಯುವುದಾದರೆ ಒಂದೇ ಸಲ ಬೈದುಬಿಡಿ, ಕಂತಿನಲ್ಲಿ ಬೇಡ. ನಾನು ದೊಡ್ಡ ಟೈರು ಹಾಕಿಸಿಬಿಟ್ಟೆ. ನಿಮ್ಮ ಕಾಗದ ಬರುವ ಎರಡು ದಿನ ಮೊದಲು. ಸರಿ, ನಿಜ ಹೇಳುತ್ತೇನೆ, ಬಂದ ಎರಡು ದಿನದ ಮೇಲೆ. ಕೆಳಗಿನ ಪೇಟೆಯ ಅಂಗಡಿಯವನು "ಇದನ್ನ ಹಾಕಿದ್ರೆ ಗೋಡೆ ಹತ್ತುತ್ತೆ ಮೇಡಂ" ಅಂದ. ಗೋಡೆಯ ವಿಷಯ ಗೊತ್ತಿಲ್ಲ, ಹಳ್ಳದ ಕೆಸರನ್ನಂತೂ ಹತ್ತಲಿಲ್ಲ. ಅಚ್ಚಿನವರೆಗೆ ಹೂತುಹೋಯಿತು. ಕುರಿಗಾರರು ನಾಲ್ಕು ಜನ ಬಂದು ಎತ್ತಿದರು. ಎತ್ತುವಾಗ ಒಬ್ಬ, "ಡಾಕ್ಟರಮ್ಮ, ನಮ್ಮ ಕುರಿಗಳು ಎಷ್ಟೋ ವಾಸಿ, ಕೆಸರು ಕಂಡ್ರೆ ಸುತ್ತಿ ಹೋಗ್ತವೆ" ಅಂದ. ಏರು ಹತ್ತುವಾಗ ಬೆಲ್ಟು ಸುಟ್ಟ ವಾಸನೆ ಬಂದಿದ್ದೂ ನಿಜ.

ನಿಮ್ಮ ಹೆಬ್ಬೆರಳಿನ ವಿದ್ಯೆ ನನಗೆ ಹತ್ತುತ್ತಿಲ್ಲ. ದಿನಾ ಕುರಿ ಹಿಡಿದು ಹಿಡಿದು ನನ್ನ ಕೈ ಇಕ್ಕಳವಾಗಿದೆ. ಯಾವ ಟೈರು ಒತ್ತಿದರೂ ಉಗುರಿನ ಬುಡ ದಾಟಿ ಹೋಗುತ್ತದೆ. ನನ್ನ ಹೆಬ್ಬೆರಳಿನ ಪ್ರಕಾರ ಪ್ರಪಂಚದ ಎಲ್ಲ ಟೈರೂ ಐದೇ. ಆ ಆಟಿಕೆ ಗೇಜನ್ನೇ ತರಿಸಲೇ?

ಇಂತಿ,
ಚೂಟಿ

*

ಮಾರ್ಚ್ ೧೧

ಚಿ. ಚೂಟಿಗೆ.

ಇದು ನಿನ್ನ ಅತ್ತೆಯ ಕೈಬರಹ. ನನಗೆ ಅಂಗಡಿಯಲ್ಲಿ ಕೈ ತುಂಬ ಕೆಲಸ, ಹಾಗಾಗಿ ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ.

ಗೋಡೆ ಹತ್ತಿಸುತ್ತೇನೆ ಅಂದ ಆ ಅಂಗಡಿಯವನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು:

(ಇಲ್ಲಿ ಅವರು ಹೇಳಿದ್ದನ್ನು ನಾನು ಬರೆಯುವುದಿಲ್ಲ. ನನಗೂ ಒಂದು ಮರ್ಯಾದೆ ಇದೆ. – ಅತ್ತೆ)

ಟೈರು ವಾಪಸು ಮಾಡು. ಹಳೆಯ ಅಳತೆಯದ್ದನ್ನೇ ಹಾಕಿಸು. ಕೆಸರಿಗೆ ಇಳಿಯುವ ಮುಂಚೆ ಗಾಡಿಯಿಂದ ಇಳಿದು ಒಂದು ಕೋಲಿನಿಂದ ಚುಚ್ಚಿ ನೋಡು, ನಾಚಿಕೆಪಡಬೇಡ. ಸಡಿಲ ಕಲ್ಲಿನ ಏರಿನಲ್ಲಿ ಮುಂದಕ್ಕೆ ಬಾಗಿ ಕೂತು, ನಡುವೆ ನಿಲ್ಲದೆ ಹತ್ತು. ಇಳಿಜಾರಿನಲ್ಲಿ ನೆಟ್ಟಗೆ ಹತ್ತು, ನೆಟ್ಟಗೆ ಇಳಿ. ಅಡ್ಡ ಹೋಗಲೇಬೇಡ. ಹೋಗದೆ ಗತಿಯಿಲ್ಲದಿದ್ದರೆ ಮೈಯನ್ನು ಮೇಲಿನ ಕಡೆಗೆ ವಾಲಿಸು. ಒದ್ದೆ ಹುಲ್ಲು ಎಣ್ಣೆ ಸುರಿದ ನೆಲದ ಹಾಗೆ, ಅಲ್ಲಿ ನಿನ್ನನ್ನು ಹಿಡಿದುಕೊಳ್ಳುವುದು ಆ ಐದು ಪಾಯಿಂಟ್ ಮಾತ್ರ.

ಗೇಜು ಬೇಡ ಅಂದೆನಲ್ಲ. ಬೇಡ ಅಂದರೆ ಬೇಡ. ಏಪ್ರಿಲ್ ಆರಕ್ಕೆ ನಾನೇ ಬರುತ್ತೇನೆ. ನಾನೇ ಒತ್ತಿ ಸರಿಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಆ ಗಾಡಿಯನ್ನು ನೆರಳಿನಲ್ಲಿ ಕಟ್ಟಿಹಾಕು.

ಇಂತಿ,
ಮಾವ

(ಬರುವಾಗ ಅವರಿಗೆ ಬಸ್ಸಿನಲ್ಲಿ ಚಿಲ್ಲರೆ ಎಣಿಸಲು ಯಾರಾದರೂ ನೆರವಾದರೆ ಒಳ್ಳೆಯದಿತ್ತು. ಹೋಗಲಿ ಬಿಡು. – ಅತ್ತೆ)

*

ಏಪ್ರಿಲ್ ೨೧

ಮಾವನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಂಡು ಓದಿ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ.

ನೀವು ಹಳೆಯ ಅಳತೆಯ ಟೈರಿಗೆ ಗಾಳಿ ಹಾಕಿಕೊಟ್ಟು ಹೋದ ನಾಲ್ಕನೇ ದಿನ ಬೆಳಿಗ್ಗೆ ಮೇಲಿನ ಹಟ್ಟಿಯಿಂದ ಕರೆ ಬಂತು. ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡ ಸಿಕ್ಕಿತ್ತು. ಹೆಲ್ಮೆಟ್ಟು ಹಾಕಿಕೊಂಡೆ. ಕೆಸರನ್ನು ಕೋಲಿನಿಂದ ಚುಚ್ಚಿ ನೋಡಿದೆ. ಏರಿನಲ್ಲಿ ಎಲ್ಲೂ ನಿಲ್ಲಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಹತ್ತು ಮಾರು ಅಡ್ಡ ಹೋಗದೆ ಬೇರೆ ದಾರಿಯಿಲ್ಲ, ಅದು ನಿಮಗೂ ಗೊತ್ತು, ನೋಡಿದ್ದೀರಿ. ಮೈ ಮೇಲಕ್ಕೆ ವಾಲಿಸಿಯೇ ಇದ್ದೆ. ಗಾಡಿ ಜಾರಿತು. ಹಿಂದಿನ ಚಕ್ರ ಒಂದು ಕುಣಿಯಿತು, ಒಂದು ಕುಸಿಯಿತು, ಗಾಡಿ ಒಂದು ಸುತ್ತು ಉರುಳಿತು. ನಾನು ಮೇಲಿನ ಕಡೆಗೆ ಹಾರಿದ್ದರಿಂದ ಮಣಿಕಟ್ಟು ಮಾತ್ರ ಹೋಯಿತು. ಉಳಿದ ದಾರಿ ನಡೆದು ಹೋದೆ. ತಾಯಿ ಬದುಕಿತು, ಮರಿ ಉಳಿಯಲಿಲ್ಲ. ಒಂದೇ ಕೈಯಲ್ಲಿ ಎಷ್ಟು ಆಗುತ್ತದೆ ಹೇಳಿ.

ಗಾಡಿ ಎತ್ತಲು ಸರ್ವೆಯರ್ ಬಂದರು. ಅವರ ಜೇಬಿನಲ್ಲಿ ನೀವು ಆಟಿಕೆ ಅನ್ನುವ ಗೇಜು ಇತ್ತು. ಮುಂದಿನವು ಹನ್ನೆರಡು, ಏಳು. ಹಿಂದಿನವು ಹದಿನಾಲ್ಕು, ಆರು. "ಇದಕ್ಕೆ ಗಾಳಿ ಹಾಕಿದ್ದು ಯಾರಮ್ಮ, ಕಣ್ಣು ಕಟ್ಕೊಂಡು ಹಾಕಿದ್ದಾರಾ?" ಅಂದರು.

ನೀವು ಬಂದ ದಿನ ಕಾದ ಸೈಲೆನ್ಸರ್ ಮೇಲೆ ಕೈ ಇಟ್ಟಿರಿ ಮಾವ. ನಾನು ಕೂಗಿದ ಮೇಲೆ ತೆಗೆದಿರಿ. ಆಮೇಲೆ ನಕ್ಕಿರಿ.

ಗಾಳಿ ಸರಿಮಾಡೋಣ ಎಂದರೆ ಕಾಲುಪಂಪು ಎಲ್ಲೂ ಕಾಣುತ್ತಿಲ್ಲ. ಮನೆಯೆಲ್ಲ ಹುಡುಕಿದೆ. ತಲೆ ಕೆಟ್ಟುಹೋಗಿದೆ.

ಚೂಟಿ

*

ಏಪ್ರಿಲ್ ೩೦

ಚಿ. ಚೂಟಿಗೆ.

ಬಿದ್ದೆ ಅಂತ ಕೇಳಿ ಸಂಕಟವಾಯಿತು. ಆದರೆ ಆ ಸರ್ವೆಯರ್ ಗೇಜು ಸುಳ್ಳು. ಬಿದ್ದು ಎದ್ದ ಗಾಡಿಯ ಟೈರಿನಲ್ಲಿ ಗಾಳಿ ಹೇಗಾದರೂ ಇರಬಹುದು. ಬಿಸಿಲು ಬಿದ್ದರೂ ಏರುತ್ತದೆ. ನೆಲ ಅಳೆಯುವವನಿಗೆ ಗಾಳಿಯ ಉಸಾಬರಿ ಯಾಕೆ? ನಾನು ನಾಲ್ಕೂ ಟೈರು ಎರಡೆರಡು ಸಲ ಒತ್ತಿ ನೋಡಿದ್ದೇನೆ. ನೀನೇ ಅವಸರ ಮಾಡಿರುತ್ತೀಯ. ಚಿಕ್ಕಂದಿನಿಂದ ನಿನ್ನದು ಅದೇ ಸ್ವಭಾವ.

ಕೈ ಹುಷಾರು.

ಮಾವ

(ಬರೆಸಿ ಎದ್ದು ಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಚೂಟಿ, ಅವರ ಅಂಗಿಯ ಗುಂಡಿ ಹಾಕುತ್ತಿರುವುದು ಈಗ ನಾನು. ಇದನ್ನು ನಾನು ಬರೆದೆ ಅಂತ ಅವರಿಗೆ ತಿಳಿಸಬೇಡ. – ಅತ್ತೆ)

*

ಜೂನ್ ೧೯

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಐವತ್ತು ದಿನದಿಂದ ನಿಮ್ಮ ಬೈಗುಳ ಇಲ್ಲದೆ ನನಗೆ ಇಲ್ಲಿ ಹೊತ್ತೇ ಹೋಗುತ್ತಿಲ್ಲ. ಪ್ಲಾಸ್ಟರ್ ತೆಗೆದರು. ಗಾಡಿಯೂ ರಿಪೇರಿಯಾಯಿತು, ಮಾಸಿದ್ದ ಮುಂಭಾಗ ಈಗ ಪೂರ್ತಿ ಹೋಗಿದೆ, ಬಣ್ಣದ ಚಿಂತೆ ತಪ್ಪಿತು. ಹೊಟ್ಟೆಗೆ ತಗಡು ಹಾಕಿಸಿದೆ. ದೀಪ ಹಾಕಿಸಿಲ್ಲ, ಹಾರನ್ನು ಈಗಲೂ ಕೆಮ್ಮುತ್ತಿದೆ.

ಒಂದು ವಿಷಯ ಹೇಳಬೇಕಿತ್ತು. ಆಮೇಲೆ ಯೋಚಿಸಿದಾಗ ನೆನಪಾಯಿತು: ನೀವು ಹೋದ ಮೇಲೆ ನಾನೇ ಒಂದು ಸಲ ಪಂಪು ಒತ್ತಿದ್ದೆ ಅಂತ ಕಾಣುತ್ತದೆ. ಹೌದು, ಒತ್ತಿದ್ದೆ. ಒಂದು ಟೈರಿಗೆ ಹೆಚ್ಚು, ಒಂದಕ್ಕೆ ಕಡಿಮೆ ಆಗಿರಬೇಕು. ತಪ್ಪು ನನ್ನದೇ.

ಇಲ್ಲಿಯ ಕುರಿಗಾರರು ಏಳು ಜನ ಸದ್ಯದಲ್ಲೇ ಎಟಿವಿ ಕೊಳ್ಳುತ್ತಾರಂತೆ. ಎಲ್ಲರೂ ನನ್ನನ್ನು ಕೇಳುತ್ತಾರೆ. ನಾನು ನಿಮ್ಮನ್ನು ಕೇಳುತ್ತೇನೆ. ಅವರಿಗೆ ಏನು ಹೇಳಲಿ?

ಇಂತಿ ನಿಮ್ಮ,
ಚೂಟಿ

*

ಜುಲೈ ೮

ಚಿ. ಚೂಟಿಗೆ ಆಶೀರ್ವಾದಗಳು.

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ. ಪೆನ್ನಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಸುತ್ತಿ ಲಟ್ಟಣಿಗೆಯಷ್ಟು ದಪ್ಪ ಮಾಡಿಕೊಂಡಿದ್ದೇನೆ. ಹಾಗೆ ಮಾಡಿದರೆ ಹಿಡಿತ ಸಿಗುತ್ತದೆ. ಒಂದು ಪುಟಕ್ಕೆ ಒಂದು ಬೆಳಿಗ್ಗೆ ಬೇಕು. ಇದು ನಾಲ್ಕನೇ ಬೆಳಿಗ್ಗೆ.

ನಿನಗೆ ಗಾಡಿ ಓಡಿಸಲೂ ಬರುವುದಿಲ್ಲ, ಸುಳ್ಳು ಹೇಳಲೂ ಬರುವುದಿಲ್ಲ. ಪಂಪು ಒತ್ತಿದೆಯಂತೆ! ಯಾವ ಪಂಪು? ನಿನ್ನ ಪಂಪು ನನ್ನ ಚೀಲದಲ್ಲಿ ಸೇರಿ ಇಲ್ಲಿಗೆ ಬಂದಿತ್ತು. ನಿನ್ನ ಎಡಗೈ ಕಾಗದ ಬಂದ ದಿನ ಅದು ನನ್ನ ಮುಂದೆ ಮೇಜಿನ ಮೇಲೇ ಇತ್ತು. ನಾನು ಹೊರಟ ಮೇಲೆ ಆ ಟೈರುಗಳಿಗೆ ನೀನು ಗಾಳಿ ಹಾಕಿರಲಿಕ್ಕೆ ಸಾಧ್ಯವೇ ಇಲ್ಲ ಅಂತ ನನಗೆ ಆಗಲೇ ಗೊತ್ತು. ಗೊತ್ತಿದ್ದೂ ಬೈದು ಬರೆಸಿದೆ. ನೀನು ಬಿದ್ದ ಇಳಿಜಾರನ್ನು ನಾನು ನೋಡಿ ಬಂದವನು. ಕೆಳಗಿನ ಬಂಡೆಯನ್ನೂ ನೋಡಿದ್ದೆ. ನೀನು ಹಾರಿದ್ದು ಈ ಕಡೆಗೆ ಅಲ್ಲದೆ ಆ ಕಡೆಗೆ ಆಗಿದ್ದರೆ?

ಹೆಬ್ಬೆರಳು ಎರಡು ವರ್ಷದಿಂದ ನನಗೆ ಏನೂ ಹೇಳುತ್ತಿಲ್ಲ. ನಟ್ಟು ಬಿಚ್ಚುವ ಗಾಳಿ ಗನ್ನು ಹಿಡಿದು ಹಿಡಿದು ನರಗಳು ಸತ್ತಿವೆಯಂತೆ. ಕಳೆದ ತಿಂಗಳು ನಿನ್ನ ಅತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಸೂಜಿ ತೆಗೆದರು. ನನಗೆ ಸೂಜಿ ಕಂಡರೆ ಆಗುವುದಿಲ್ಲ, ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಚುಚ್ತೀರಿ?" ಅಂತ ಕೇಳಿದೆ. ತಿರುಗಿ ನೋಡಿದರೆ ಮೂರು ಬೆರಳಿನ ಮೇಲೆ ರಕ್ತದ ಚುಕ್ಕೆ ಇತ್ತು.

ಮನೆಗೆ ಬಂದು ಆಟಿಕೆ ಗೇಜು ಎರಡು ತರಿಸಿದೆ. ಅಂಗಡಿಯಲ್ಲಿ ಎಲ್ಲರ ಎದುರಿಗೇ ಒಂದು ಟೈರು ಒತ್ತಿ "ಐದು" ಅಂದೆ. ಗೇಜಿನ ಮುಳ್ಳು ಹದಿನೈದರ ಕೊನೆಗೆ ಹೋಗಿ, ಇನ್ನೂ ಮುಂದೆ ಹೋಗಲು ಜಾಗವಿಲ್ಲದೆ ನಿಂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಒಂದು ಗೇಜು ನನಗೆ. ಇನ್ನೊಂದನ್ನು ಪಂಪಿನ ಜೊತೆ ನಿನಗೆ ಕಳಿಸಿದ್ದೇನೆ. ಗಾಡಿಯ ಮಡ್‌ಗಾರ್ಡಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಯಾವ ಟೈರಿಗೆ ಎಷ್ಟು ಗಾಳಿ ಎಂದು ಬರೆದಿರುತ್ತದೆ. ನಾನು ಬಂದಾಗ ಅದರ ಮೇಲಿನ ಕೆಸರು ಕೂಡ ಒರೆಸಿ ನೋಡಲಿಲ್ಲ. ನೀನು ಒರೆಸಿ ನೋಡು. ಎಡ ಬಲ ಎರಡೂ ಸಮ ಇರಬೇಕು. ಬೆಳಿಗ್ಗೆ, ಟೈರು ತಣ್ಣಗಿರುವಾಗ.

ಆ ಏಳು ಜನಕ್ಕೆ ಏನು ಹೇಳಲಿ ಅಂತ ಕೇಳಿದ್ದೀಯ. ನಿನ್ನ ಕಾಗದಗಳನ್ನೂ ಇದರ ಜೊತೆ ವಾಪಸು ಕಳಿಸಿದ್ದೇನೆ. ನನ್ನವು ನಿನ್ನ ಸೀಟಿನ ಕೆಳಗೆ ಇವೆಯಲ್ಲ. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಅವರಿಗೆ ಓದಿ ಹೇಳು. ದೊಡ್ಡ ಟೈರು ಹಾಕಿಸಿದವಳ ತಪ್ಪೂ ಕೇಳಲಿ, ಗೇಜು ಬೇಡ ಅಂದವನ ತಪ್ಪೂ ಕೇಳಲಿ. ಏಪ್ರಿಲ್ ಮೂವತ್ತರ ಕಾಗದ ಬಿಡಬೇಡ. ಅದನ್ನು ಬಿಟ್ಟು ಓದಿದೆ ಅಂತ ಗೊತ್ತಾದರೆ ಬಸ್ಸು ಹತ್ತಿ ಬಂದು ಬೈಯುತ್ತೇನೆ.

ಕೈ ನೋಯುತ್ತಿದೆಯಾ ಅಂತ ಅತ್ತೆ ಕೇಳುತ್ತಿದ್ದಾಳೆ. ನೋಯುವುದೆಲ್ಲಿ ಬಂತು. ನೋಯಲಿ ಅಂತಲೇ ಕಾಯುತ್ತಿದ್ದೇನೆ.

ಇಂತಿ ನಿನ್ನ,
ಮಾವ

*

ಓದಿ ಮುಗಿಸಿ ಡಾಕ್ಟರಮ್ಮ ಕಾಗದಗಳಿಗೆ ರಬ್ಬರ್ ಪಟ್ಟಿ ಬಿಗಿದರು. ಟೈರಿನ ಜಗಳವನ್ನು ಯಾರೂ ಮತ್ತೆ ಎತ್ತಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ನಾವು ತಾತ ಅಂತ ಕರೆಯುವವನು, ತನ್ನ ಹೆಬ್ಬೆರಳನ್ನು ಅಂಗಿಯ ಅಂಚಿಗೆ ಉಜ್ಜಿ ಉಜ್ಜಿ ನೋಡುತ್ತಿದ್ದ.

ಮಾರನೇ ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಏಳೂ ಗಾಡಿಗಳು ಡಾಕ್ಟರಮ್ಮನ ಮನೆಯ ಮುಂದೆ ಸಾಲಾಗಿ ನಿಂತಿದ್ದವು. ಮೊದಲು ಎಲ್ಲರೂ ಚೀಟಿಯ ಮೇಲಿನ ಧೂಳು ಒರೆಸಿದೆವು. ಆಮೇಲೆ ತಾತ ಒಂದು ನಿಯಮ ಮಾಡಿದ: ಗೇಜು ಹಚ್ಚುವ ಮುಂಚೆ ಪ್ರತಿಯೊಬ್ಬನೂ ತನ್ನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಎಷ್ಟು ಎಂದು ಗಟ್ಟಿಯಾಗಿ ಕೂಗಬೇಕು. ಒಬ್ಬ ನಾಲ್ಕು ಅಂದ, ಗೇಜು ಹನ್ನೊಂದು ತೋರಿಸಿತು. ಒಬ್ಬ ಆರು ಅಂದ, ಎರಡೂವರೆ ಬಂತು. ನಾನು "ಐದು, ಪಕ್ಕಾ ಐದು" ಅಂದೆ, ಒಂಬತ್ತು ಬಂತು. ತಾತ ಕಣ್ಣು ಮುಚ್ಚಿ ಬಹಳ ಹೊತ್ತು ಒತ್ತಿ "ಏಳು" ಅಂದ, ಹದಿಮೂರು. ಏಳು ಜನರ ಇಪ್ಪತ್ತೆಂಟು ಟೈರಿನಲ್ಲಿ ಒಂದೂ ಸರಿಯಾಗಲಿಲ್ಲ. ನಮ್ಮದೆಲ್ಲ ಸೂಜಿ ಚುಚ್ಚಿದರೆ ಕಿರುಚುವ, ಗಟ್ಟಿಮುಟ್ಟಾದ ಹೆಬ್ಬೆರಳುಗಳೇ.

ಹೆಚ್ಚಿದ್ದಕ್ಕೆ ಗಾಳಿ ಬಿಟ್ಟು, ಕಡಿಮೆಯಿದ್ದಕ್ಕೆ ಪಂಪು ಒತ್ತಿ ಎಲ್ಲವನ್ನೂ ಚೀಟಿಯಲ್ಲಿದ್ದ ಐದಕ್ಕೆ ತಂದೆವು. ಡಾಕ್ಟರಮ್ಮ ಮೆಟ್ಟಿಲ ಮೇಲೆ ಕೂತು, ನಾವು ಕೂಗಿದ್ದು ಎಷ್ಟು, ಗೇಜು ತೋರಿಸಿದ್ದು ಎಷ್ಟು ಎಂದು ಇಪ್ಪತ್ತೆಂಟು ಸಾಲು ಬರೆದರು. ಕೆಳಗೆ ನಾವು ಏಳು ಜನವೂ ಸಹಿ ಹಾಕಿದೆವು. ಮಾವನಿಗೆ ಅಂತ ವಿಳಾಸ ಬರೆದು ಲಕೋಟೆ ಅಂಟಿಸುವಾಗ ಅವರ ಕಣ್ಣು ಒದ್ದೆಯಾಗಿತ್ತು. ತಾತ ಅದನ್ನು ನೋಡದವನ ಹಾಗೆ ಗಾಡಿ ಸ್ಟಾರ್ಟ್ ಮಾಡಿ ಕೈ ಚಾಚಿದ.

"ಕೊಡಿ ಇಲ್ಲಿ, ನಾನೇ ಅಂಚೆಗೆ ಹಾಕ್ಬರ್ತೀನಿ. ಒಟ್ಟಿಗೆ ಏಳು ಜನ ಸಿಕ್ಕಿದೀವಲ್ಲ ಬೈಯೋಕೆ, ಆ ಮನುಷ್ಯನ ಪೆನ್ನು ಸುಮ್ನೆ ಇರ್ಬಾರ್ದು."